ಮುಸ್ಸಂಜೆಗೆ ಓಗೊಡದ ಮನೆಗಳು

ಅಪ್ಪೆಮಿಡಿಯನ್ನು ಒಂದೊಂದಾಗಿ ಒರೆಸಿ ಭರಣಿಗೆ ತುಂಬುತ್ತಿದ್ದೆ. ಒಂದು ಪದರ ಮಿಡಿ, ಒಂದು ಪದರ ಹರಳುಪ್ಪು. ಕೈಗೆಲ್ಲ ಸೊನೆ ಹತ್ತಿತ್ತು, ಫೋನು ಮುಟ್ಟುವ ಹಾಗಿರಲಿಲ್ಲ. ಇವರೇ ಎತ್ತಿ ನನ್ನ ಕಿವಿಗೆ ಹಿಡಿದರು. ಆ ಕಡೆ ಬೆಂಗಳೂರಿನ ಇಂಜಿನಿಯರ್ ಹುಡುಗಿ.

“ಅಕ್ಕಾ, ಸಂಜೆ ಕರೆಗೆ ಯಾರೂ ಉತ್ತರ ಕೊಡ್ತಿಲ್ಲ. ಇನ್ನು ಹದಿನೆಂಟು ದಿನಕ್ಕೆ ರಿವ್ಯೂ. ಅಷ್ಟರಲ್ಲಿ ಸರಿ ಹೋಗದಿದ್ರೆ ಟೀಚರ್ ಧ್ವನಿ ತೆಗೆದುಬಿಡ್ತಾರಂತೆ. ಹೊರದೇಶದ ರೆಡಿ ಧ್ವನಿ ಕೊಂಡು ಹಾಕ್ತಾರಂತೆ.”

“ತೆಗೆದು ಎಲ್ಲಿ ಇಡ್ತಾರೆ?” ಎಂದು ಕೇಳಿದೆ.

“ಇಡೋದೆಂತ ಅಕ್ಕಾ, ಅಳಿಸೋದು.”

ಭರಣಿಯ ಬಾಯಿಗೆ ಬಟ್ಟೆ ಕಟ್ಟಿ, ಕೈಗೆ ಎಣ್ಣೆ ಹಚ್ಚಿ ಸೊನೆ ತೊಳೆದೆ. ಮಿಡಿ ಉಪ್ಪಿನಲ್ಲಿ ಬಾಡಿ ಸುಕ್ಕುಗಟ್ಟುವುದಕ್ಕೂ ಹೆಚ್ಚುಕಡಿಮೆ ಅಷ್ಟೇ ದಿನ ಬೇಕು. ಹದಿನೆಂಟು ದಿನವಾದರೂ ಕೊಟ್ಟಿದ್ದಾರಲ್ಲ, ದೇವರು ದೊಡ್ಡವನು ಎಂದುಕೊಂಡೆ.

ಕೆಲಸ ಇಷ್ಟು. ಬೆಂಗಳೂರಿನ ಒಂದು ಪ್ರಯೋಗಾಲಯದವರು ವಯಸ್ಸಾದವರಿಗೆ ಮಾತ್ರೆ ನೆನಪಿಸುವ ಮಾತಿನ ಪೆಟ್ಟಿಗೆ ಮಾಡುತ್ತಿದ್ದರು. ಸಾಗರ, ಹೊಸನಗರ, ತೀರ್ಥಹಳ್ಳಿ ಸೇರಿ ಹನ್ನೊಂದು ಮನೆಯಲ್ಲಿ ಪರೀಕ್ಷೆ. ಬೆಳಿಗ್ಗೆ ತಿಂಡಿಯ ಹೊತ್ತಿಗೆ ಒಂದು ಸಲ, ಸಂಜೆ ದೀಪ ಹಚ್ಚುವ ಹೊತ್ತಿಗೆ ಒಂದು ಸಲ ಪೆಟ್ಟಿಗೆ ಆ ಮನೆಯವರ ಹೆಸರು ಹಿಡಿದು ಕರೆಯುತ್ತದೆ. ‘ಓ’ ಎಂದರೆ ಯಾವ ಮಾತ್ರೆ ಎಂದು ಹೇಳುತ್ತದೆ. ‘ತಗೊಂಡೆ’ ಎಂದರೆ ಬರೆದುಕೊಳ್ಳುತ್ತದೆ. ಉತ್ತರ ಬರದಿದ್ದರೆ ಕೆಂಪು ದೀಪ ಹತ್ತಿಸಿ ಸುಮ್ಮನಾಗುತ್ತದೆ. ಖಾಲಿ ಮನೆಗೆ ಮಾತ್ರೆಯ ಹೆಸರು ಹೇಳಿ ಏನು ಪ್ರಯೋಜನ ಎಂದು ಹಾಗೆ ಮಾಡಿದ್ದರು. ಮನೆಮನೆಗೆ ಹೋಗಿ ನೋಡಿಕೊಂಡು ಬರುವುದು, ಪುಸ್ತಕದಲ್ಲಿ ಬರೆಯುವುದು ನನ್ನ ಪಾಲಿಗೆ ಬಂದಿತ್ತು.

ಪೆಟ್ಟಿಗೆಯ ಧ್ವನಿ ಸಾಗರದಲ್ಲಿ ನಮ್ಮ ಬೀದಿಯ ನಿವೃತ್ತ ಟೀಚರ್ ಅವರದು. ಒಂಟಿ ಹೆಂಗಸು. ಕಾಯಿಲೆ ದೊಡ್ಡದು ಎಂದು ಅವರಿಗೂ ಗೊತ್ತಿತ್ತು, ನಮಗೂ ಗೊತ್ತಿತ್ತು. “ಕಾಲು, ಕೈ, ಹೊಟ್ಟೆ ಎಲ್ಲ ಕೈ ಕೊಟ್ಟಾಯ್ತು ಮಾರಾಯ್ತಿ. ಗಂಟಲೊಂದು ಗಟ್ಟಿ ಇದೆ. ಅದಾದ್ರೂ ಯಾರಿಗಾದ್ರೂ ಆಗ್ಲಿ” ಎಂದು ಒಪ್ಪಿಕೊಂಡರು. ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವಾಗ, ‘ನಾನು ಹೋದ ಮೇಲೂ ಬಳಸಬಹುದು’ ಎಂದು ತಾವೇ ಒಂದು ಸಾಲು ಸೇರಿಸಿದರು. ಕರಿಹಲಗೆಯ ಮೇಲೆ ಬರೆದಂತೆ ದುಂಡು ಅಕ್ಷರ.

ಅವರ ಮಲಗುವ ಕೋಣೆಯಲ್ಲೇ ರೆಕಾರ್ಡಿಂಗ್. ಕಿಟಕಿಗೂ ಬೀರುವಿಗೂ ಕೌದಿ ಇಳಿಬಿಟ್ಟು, ಗೋಡೆ ಗಡಿಯಾರ ಹೊರಗಿಟ್ಟು, ಫ್ರಿಜ್ ಆರಿಸಿ ಕೂರುತ್ತಿದ್ದೆವು. ಕೊಟ್ಟ ವಾಕ್ಯಗಳನ್ನು ಅವರು ಓದುತ್ತಿದ್ದರು. ರಾತ್ರಿ ಅಡುಗೆ ಮುಗಿಸಿ ನಾನು ಕಿವಿಗೆ ಹೆಡ್‌ಫೋನು ಹಾಕಿಕೊಂಡು, ಒಂದೊಂದು ವಾಕ್ಯ ಕತ್ತರಿಸಿ, ಕೆಮ್ಮು ಬಂದಲ್ಲಿ ಗುರುತು ಹಾಕಿ, ಒಂದೇ ಮಾತು ಎರಡು ಸಲ ಇದ್ದರೆ ಒಂದನ್ನು ಅಳಿಸಿ ಕಳಿಸುತ್ತಿದ್ದೆ. ‘ಒಂದಕ್ಕೆ ಒಂದೇ ಉಳಿಸಿ’ ಎಂದು ಬೆಂಗಳೂರಿನವರ ನಿಯಮ. ಮನೆಯವರ ಹೆಸರುಗಳನ್ನು ಮಾತ್ರ ಟೀಚರ್ ಬಾಯಲ್ಲೇ ಹೇಳಿಸಿದ್ದೆವು. ಉಳಿದ ಮಾತನ್ನು ಯಂತ್ರ ಅವರ ಧ್ವನಿಯಿಂದ ಕಲಿತು ತಾನೇ ಕಟ್ಟಿ ಹೇಳುತ್ತಿತ್ತು. ಹೆಸರು ಓದುವಾಗ ಟೀಚರ್ ಒಂದೊಂದನ್ನೂ ಬಿಟ್ಟು ಬಿಟ್ಟು ಮೂರು ಸಲ ಹೇಳುತ್ತಿದ್ದರು.

“ಒಂದೇ ಸಲ ಸಾಕು ಟೀಚರ್.”

“ನಿಂಗೆ ಸಾಕು. ಕೇಳೋರಿಗೆ ಸಾಕಾ?”

ಶಾಲೆಯಲ್ಲಿ ಹಾಜರಿ ಕರೆದ ರೂಢಿ ಎಂದುಕೊಂಡೆ. ನಿಯಮದ ಪ್ರಕಾರ ಎರಡನ್ನು ಅಳಿಸಿದೆ.

ಧನುರ್ಮಾಸದಲ್ಲಿ ಟೀಚರ್ ತೀರಿಕೊಂಡರು. ಪೆಟ್ಟಿಗೆಗಳು ಮನೆ ಸೇರಿದ್ದು ಶಿವರಾತ್ರಿ ಕಳೆದ ಮೇಲೆ.

ಪರೀಕ್ಷೆಗೆಂದು ನನಗೂ ಒಂದು ಪೆಟ್ಟಿಗೆ ಕೊಟ್ಟಿದ್ದರು. ಪಟ್ಟಿಯಲ್ಲಿ ನನ್ನ ಹೆಸರು ಇರಲಿಲ್ಲವಾದ್ದರಿಂದ ಆ ಹೆಸರನ್ನು ಯಂತ್ರವೇ ಕಟ್ಟಿತ್ತು. ಮೊದಲ ದಿನ ಸಂಜೆ ದೇವರ ಮುಂದೆ ಬತ್ತಿ ಹೊಸೆಯುತ್ತ ಕೂತಿದ್ದೆ. ಹಿಂದಿನಿಂದ “ಶಾರದಾ” ಎಂದಿತು. ತಿಂಗಳುಗಟ್ಟಲೆ ಪಕ್ಕದಲ್ಲಿ ಕೂತು ಕೇಳಿದ ಧ್ವನಿ, ಅದೇ ಸ್ವಲ್ಪ ಮೂಗು, ಅದೇ ಕೊನೆಯ ಎಳೆತ. ಕೈಯಲ್ಲಿದ್ದ ಬತ್ತಿ ಕೈಯಲ್ಲೇ ಉಳಿಯಿತು. ಕೆಂಪು ದೀಪ ಹತ್ತಿ ಆರಿತು.

“ನಿನ್ನ ಟೀಚರ್ ಕರೀತಿದಾರಲ್ಲೇ, ಹೋಗೇ” ಎಂದು ಇವರು ನಕ್ಕರು. ನಕ್ಕವರು ತಾವೂ ಪೆಟ್ಟಿಗೆ ಇದ್ದ ಕೋಣೆಗೆ ಹೋಗಲಿಲ್ಲ.

ಪುಸ್ತಕದಲ್ಲಿ ‘ದೀಪ ಹಚ್ಚುತ್ತಿದ್ದೆ, ಕೇಳಿಸಲಿಲ್ಲ’ ಎಂದು ಬರೆದೆ. ಮರುದಿನವೂ ಅದನ್ನೇ ಬರೆದೆ. ಸುಳ್ಳು ಎಂದು ಬರೆಯುವಾಗ ಅನ್ನಿಸಲಿಲ್ಲ.

ಹುಡುಗಿಯ ಮೊದಲ ಲೆಕ್ಕಾಚಾರ ಜೀರುಂಡೆಯದು. ಸಂಜೆ ಹೊತ್ತು ಜೀರುಂಡೆ ಕಿವಿ ಕೊರೆಯುವ ಹಾಗೆ ಕೂಗುತ್ತವೆ, ಅಜ್ಜ ಅಜ್ಜಿಯರ ‘ಓ’ ಪೆಟ್ಟಿಗೆಗೆ ಕೇಳಿಸುತ್ತಿಲ್ಲ ಎಂದಳು. ಹೊಸ ಮೈಕುಗಳು ಬಸ್ ಪಾರ್ಸೆಲ್‌ನಲ್ಲಿ ಬಂದವು. ಹಳೆಯದನ್ನು ಬಿಚ್ಚಿ, ಹೊಸದಕ್ಕೆ ಸ್ಪಂಜು ಹೊದಿಸಿ ಕೂರಿಸುವುದನ್ನು ವೀಡಿಯೊ ಕರೆಯಲ್ಲೇ ಹೇಳಿಕೊಟ್ಟಳು. ಐದು ದಿನ ಬಸ್ಸು ಹತ್ತಿ ಇಳಿದು ಹನ್ನೊಂದೂ ಮನೆಗೆ ಹಾಕಿ ಬಂದೆ. ಮಾಸ್ತಿಕಟ್ಟೆ ಕಡೆಯ ಮನೆಗೆ ಹೋಗುವಾಗ ಕೂರಲು ಸೀಟು ಸಿಕ್ಕಿತು, ಅದೊಂದು ಪುಣ್ಯ. ಫಲ ಮಾತ್ರ ಸೊನ್ನೆ. ಬೆಳಗಿನ ಕರೆಗೆ ಎಲ್ಲರೂ ‘ಓ’ ಎನ್ನುತ್ತಿದ್ದರು. ಸಂಜೆಯದಕ್ಕೆ ಹತ್ತು ಮನೆ ಮೌನ. ಓಗೊಡುತ್ತಿದ್ದದ್ದು ತೀರ್ಥಹಳ್ಳಿಯ ಒಬ್ಬ ಹೆಂಗಸು ಮಾತ್ರ. ಮಗಳ ವರ್ಗಾವಣೆ ಎಂದು ಹೋದ ವರ್ಷ ಬಂದವರು, ಬೆಂಗಳೂರು ಪೇಟೆಯಲ್ಲೇ ಹುಟ್ಟಿ ಬೆಳೆದವರು. ಅವರ ಮನೆಯ ಮೈಕು ಒಳ್ಳೆಯದಿರಬೇಕು ಎಂದು ನಾವು ಅದನ್ನು ಬಿಚ್ಚಿ ನೋಡಿದೆವು!

ಆಮೇಲೆ ಧ್ವನಿ ಜೋರು ಮಾಡಿದೆವು. ಅದು ಇನ್ನೂ ಕೆಟ್ಟಿತು. ತೀರ್ಥಹಳ್ಳಿಯ ಇನ್ನೊಂದು ಮನೆಯಲ್ಲಿ ಅಜ್ಜನೊಬ್ಬರು ಪೆಟ್ಟಿಗೆಯ ಮೇಲೆ ಟವೆಲ್ ಹೊದಿಸಿ, ಅದರ ಮೇಲೆ ತುಳಸಿ ಕುಡಿ ಇಟ್ಟಿದ್ದರು.

“ಎಂತಕ್ಕೆ ಅಜ್ಜಾ ಇದು?”

“ಧೂಳು ಬೀಳ್ತದೆ.”

“ತುಳಸಿ?”

“ಅದೂ ಧೂಳಿಗೇ” ಎಂದು ಎದ್ದು ಹೋದರು.

ಹುಡುಗಿ ಫೋನಿನಲ್ಲಿ ಅತ್ತಳು. “ನಮ್ಮ ಸರ್‌ಗೆ ಬೇಕಾಗಿರೋದು ಡೆಮೊ ಅಕ್ಕಾ. ಯಾಕೆ ಉತ್ತರ ಬರ್ತಿಲ್ಲ ಅನ್ನೋದೇ ಸಂಶೋಧನೆ ಅಂದ್ರೆ, ಅದಕ್ಕೆಲ್ಲ ಟೈಮ್ ಎಲ್ಲಿದೆ ಅಂತಾರೆ. ಹೊರಗಿಂದ ತಂದು ಕನ್ನಡದ ಅಂಗಿ ತೊಡಿಸಿದ್ರೆ ಅದೇ ಹೊಸತು. ಎಲ್ಲ ಕಡೆ ಹಿಂಗೇ. ನಾನೊಬ್ಳೇ ಎಷ್ಟು ಅಂತ ಹೇಳ್ಲಿ?”

ನನಗೆ ದೊಡ್ಡ ವಿಷಯ ತಿಳಿಯದು. ಉಪ್ಪಿನಲ್ಲಿ ಬಿದ್ದ ಮಿಡಿಯನ್ನು ನಾಲ್ಕನೇ ದಿನಕ್ಕೇ ತೆಗೆದು ಖಾರ ಹಾಕಿದರೆ ಅದು ಉಪ್ಪಿನಕಾಯಿ ಆಗುವುದಿಲ್ಲ, ಕೊಳೆಯುತ್ತದೆ, ಅಷ್ಟು ಗೊತ್ತು. ಅವಳಿಗೆ ಅದನ್ನೇ ಹೇಳಿದೆ. ಮೂಗು ಒರೆಸಿಕೊಂಡು, “ಇದನ್ನ ರಿಪೋರ್ಟಲ್ಲಿ ಹಾಕ್ಲಾ ಅಕ್ಕಾ?” ಎಂದಳು.

ಹತ್ತನೆಯ ದಿನ ಒಂದು ನಿರ್ಧಾರ ಮಾಡಿದೆ. ಇಲ್ಲಿಯವರೆಗೆ ನಾನು ಮನೆಗಳಿಗೆ ಹೋದದ್ದೆಲ್ಲ ಹಗಲು. ಸಂಜೆ ಏನಾಗುತ್ತದೆ ಎಂದು ಕಣ್ಣಾರೆ ಕಂಡವರೇ ಇರಲಿಲ್ಲ. ಹೊಸನಗರದ ಹತ್ತಿರದ ಒಬ್ಬ ಅಜ್ಜಿಯ ಮನೆಗೆ, ಅಲ್ಲೇ ಉಳಿಯುತ್ತೇನೆಂದು ಹೇಳಿ ಹೋದೆ. ಅಜ್ಜಿಗೆ ಕಣ್ಣು ಮಂಜು, ಸಕ್ಕರೆ ಕಾಯಿಲೆ. ಸೊಸೆ ಹಾಸ್ಟೆಲ್ಲಿನಲ್ಲಿ ಅಡುಗೆ ಕೆಲಸಕ್ಕೆ ಹೋದವಳು ಬರುವುದು ಕತ್ತಲಾದ ಮೇಲೆ. ಅಷ್ಟರೊಳಗೆ ಒಂದು ಮಾತ್ರೆ ನುಂಗಬೇಕು, ಎಷ್ಟೋ ದಿನ ಅದು ತಪ್ಪುತ್ತಿತ್ತು.

ಜಗುಲಿಯಲ್ಲಿ ಇಬ್ಬರೂ ಕೂತಿದ್ದೆವು. ಅಜ್ಜಿ ಹಲಸಿನ ಬೀಜ ಸುಲಿಯುತ್ತ ತನ್ನ ತವರಿನ ಕಥೆ ಹೇಳುತ್ತಿದ್ದಳು. ಹೊತ್ತು ಮುಳುಗಿತು. ಜೀರುಂಡೆಯ ಸದ್ದು ಒಮ್ಮೆಗೇ ನಿಂತಿತು, ಅವು ಹಾಗೆ ನಿಲ್ಲುವುದುಂಟು. ಆ ಮೌನದಲ್ಲಿ ಒಳಗಿನಿಂದ ಟೀಚರ್ ಧ್ವನಿ ಬಂತು.

“ಗೌರಮ್ಮ.”

ಅಜ್ಜಿಯ ಮಾತು ಅರ್ಧಕ್ಕೇ ನಿಂತಿತು. ಕೈಯಲ್ಲಿದ್ದ ಬೀಜ ಹಾಗೇ ಇತ್ತು. ಮಂಜುಗಣ್ಣನ್ನು ಅಂಗಳದ ಕಡೆ ಇಟ್ಟು, ತುಟಿ ಬಿಗಿ ಹಿಡಿದಳು. ನಾನೂ ಉಸಿರು ಬಿಡಲಿಲ್ಲ. ಬಾಗಿಲ ಸಂದಿನಲ್ಲಿ ಕೆಂಪು ಬೆಳಕು ಕಂಡು ಮಾಯವಾಯಿತು. ಜೀರುಂಡೆ ಮತ್ತೆ ಶುರುವಾದವು. ಅಜ್ಜಿ ಬೀಜ ಸುಲಿಯತೊಡಗಿದಳು.

“ಅಜ್ಜೀ, ಕೇಳಿಸ್ತಲ್ಲ?”

“ಕೇಳದೆ ಎಂತ? ಕಣ್ಣು ಹೋಗಿದ್ದು, ಕಿವಿ ಅಲ್ಲ.”

“ಮತ್ತೆ ಯಾಕೆ ಓ ಅನ್ಲಿಲ್ಲ?”

“ನೀ ಯಾಕೆ ಮಾತಾಡ್ಲಿಲ್ಲ ಆಗ?” ಎಂದಳು. ಅಜ್ಜಿ ದನಿ ತಗ್ಗಿಸಿದಳು. “ಮುಸ್ಸಂಜೆ ಹೊತ್ತಲ್ಲಿ ಒಂದು ಕೂಗಿಗೆ ಓಗೊಡ್ತಾರೇನೇ ಹುಚ್ಚಿ? ನಿಂಗೆ ಅಮ್ಮ ಹೇಳ್ಕೊಡ್ಲಿಲ್ವಾ? ಮೂರು ಸಲ ಕರೆದ್ರೆ ಮನುಷ್ಯರು. ಮನುಷ್ಯರಲ್ಲದ ಮತ್ತೊಂದಕ್ಕೆ ಮೂರನೇದು ಕರೆಯಕ್ಕೆ ಆಗಲ್ಲ. ಅದೂ ಇದು ಸತ್ತೋರ ಧ್ವನಿ ಅಂತ ಸೊಸೆ ಹೇಳಿದಾಳೆ.”

ಅಮ್ಮ ಹೇಳಿಕೊಟ್ಟಿದ್ದಳು. ಎಷ್ಟು ಚೆನ್ನಾಗಿ ಹೇಳಿಕೊಟ್ಟಿದ್ದಳೆಂದರೆ, ನನಗೆ ಅದು ಗೊತ್ತಿದೆ ಎನ್ನುವುದೇ ಮರೆತಿತ್ತು. ನನ್ನ ಮನೆಯಲ್ಲಿ ಇಷ್ಟು ದಿನ ನಾನು ಮಾಡಿದ್ದೂ ಅದನ್ನೇ. ಹತ್ತು ಮನೆಯವರೂ ಮಾಡಿದ್ದು ಅದನ್ನೇ. ಕೇಳಿದರೆ ‘ಕೇಳಿಸಲಿಲ್ಲ’ ಎಂದರು, ಓದಿದವರ ಮುಂದೆ ಇದನ್ನೆಲ್ಲ ಹೇಳುವುದು ಹೇಗೆ ಎಂದು. ನಾವು ಮೈಕು ಬದಲಿಸುತ್ತ ಕೂತೆವು.

ಹುಡುಗಿಗೆ ಫೋನಿನಲ್ಲಿ ವಿಷಯ ಹೇಳಿದೆ. ನಗುತ್ತಾಳೆಂದು ಅಂಜಿಕೆ ಇತ್ತು. ಅವಳು ನಗಲಿಲ್ಲ.

“ಸುಮ್ನೆ ಮೂರು ಸಲ ಕರೆಸಿದ್ರೆ ಆಯ್ತಲ್ವಾ ಅಕ್ಕಾ?”

“ಕರೆಸಿ ನೋಡು.”

ಇದ್ದ ಒಂದೇ ಕರೆಯನ್ನು ಮೂರು ಸಲ ಬರುವಂತೆ ಮಾಡಿ, ದೂರದಿಂದಲೇ ಪೆಟ್ಟಿಗೆಗಳಿಗೆ ಕಳಿಸಿದಳು. ಮರುದಿನ ಸಂಜೆ ಮತ್ತೆ ಅದೇ ಜಗುಲಿ. ಒಳಗಿನಿಂದ “ಗೌರಮ್ಮ. ಗೌರಮ್ಮ. ಗೌರಮ್ಮ.” ಅಚ್ಚಿನಲ್ಲಿ ಒತ್ತಿದ ಹಾಗೆ ಮೂರೂ ಒಂದೇ ಸಮ. ಮೊದಲಿನದಕ್ಕಿಂತ ಇದು ಹೆಚ್ಚು ಭಯ ತಂದಿತು. ಅಜ್ಜಿ ಎದ್ದು ಒಳಗೆ ಹೋಗಿ ತಡಕಾಡಿ ಪೆಟ್ಟಿಗೆಯ ವೈರು ಕಿತ್ತು ಬಂದಳು.

“ಇದು ಒಂದೇ ಕೂಗು ಮಾರಾಯ್ತಿ. ಗುಡ್ಡದ ಎದುರು ನಿಂತು ಕೂಗಿದ್ರೆ ಗುಡ್ಡನೂ ಮೂರು ಸಲ ಹೇಳ್ತದೆ. ಗುಡ್ಡಕ್ಕೆ ಓಗೊಡ್ತಾರಾ? ಮನುಷ್ಯರು ಕರೆದ್ರೆ ಒಂದರಂಗೆ ಒಂದು ಇರಲ್ಲ. ಮೊದಲ್ನೇದು ಸುಮ್ನೆ. ಎರಡನೇದಕ್ಕೆ ಎಲ್ಲಿ ಹೋದ್ಲಪ್ಪ ಇವ್ಳು ಅಂತ ಇರ್ತದೆ. ಮೂರನೇದಕ್ಕೆ ಸಿಟ್ಟು ಬಂದಿರ್ತದೆ.”

ಸಾಗರಕ್ಕೆ ವಾಪಸು ಬರುವ ಬಸ್ಸಿನಲ್ಲಿ ಅಜ್ಜಿಯ ಮಾತು ಕಿವಿಯಲ್ಲೇ ಇತ್ತು. ಒಂದು ತಿರುವಿನಲ್ಲಿ ಥಟ್ಟನೆ ಹೊಳೆಯಿತು. ಟೀಚರ್ ಹಾಜರಿ ಕರೆದದ್ದಲ್ಲ. ‘ನಿಂಗೆ ಸಾಕು, ಕೇಳೋರಿಗೆ ಸಾಕಾ?’ ಎಂದಿದ್ದರು. ಹನ್ನೊಂದೂ ಮನೆಯವರಿಗೆ ಬೇಕಾದ ಎರಡನೆಯದನ್ನೂ ಮೂರನೆಯದನ್ನೂ ಅವರು ಕರೆದೇ ಹೋಗಿದ್ದರು. ಅಳಿಸಿದವಳು ನಾನು. ಇದೇ ಬೆರಳಿನಿಂದ.

ಬೆಂಗಳೂರಿನಲ್ಲಿ ಮೂಲ ಪ್ರತಿ ಇರಲಿಲ್ಲ. ಜಾಗ ಸಾಲದೆಂದು ಸ್ವಚ್ಛ ಮಾಡಿದ್ದನ್ನಷ್ಟೇ ಇಟ್ಟುಕೊಂಡಿದ್ದರು. ನಾನು ಅಳಿಸಿದ್ದು ಕಂಪ್ಯೂಟರಿನ ಪ್ರತಿಯಲ್ಲಿ, ಇನ್ನು ಉಳಿದದ್ದು ರೆಕಾರ್ಡರಿನ ಪುಟ್ಟ ಮೆಮೊರಿ ಕಾರ್ಡು. ಅದನ್ನೂ ಅಳಿಸಿ ಬೇರೆ ಕೆಲಸಕ್ಕೆ ಬಳಸಿ ಎಂದು ಹುಡುಗಿ ಹಿಂದೆಯೇ ಹೇಳಿದ್ದಳು. ಆದರೆ ಟೀಚರ್ ತೀರಿಕೊಂಡ ವಾರ ಅದನ್ನು ಮಾಡಲು ಕೈ ಬಂದಿರಲಿಲ್ಲ. ಹಳದಿ ಬಟ್ಟೆಯ ಚೂರಿನಲ್ಲಿ ಕಟ್ಟಿ, ದೇವರ ಗೂಡಿನಲ್ಲಿ ಇಕ್ಕೇರಿಯಿಂದ ತಂದ ಪ್ರಸಾದದ ಪೊಟ್ಟಣದ ಪಕ್ಕ ಇಟ್ಟಿದ್ದೆ. ಹೇಳಿದ ಮಾತು ಕೇಳಿ ಕೆಡಿಸಿದ್ದೂ ನಾನೇ, ಹೇಳಿದ ಮಾತು ಕೇಳದೆ ಉಳಿಸಿದ್ದೂ ನಾನೇ. ಉಳಿಸಿದ ಬುದ್ಧಿ ನನ್ನದಲ್ಲ, ದೇವರದು.

ಕೈಕಾಲು ತೊಳೆದು, ಗಂಟು ಬಿಚ್ಚಿ, ಕಂಪ್ಯೂಟರಿಗೆ ಕಾರ್ಡು ಹಾಕಿದೆ. ಎಲ್ಲವೂ ಇತ್ತು. ಕೌದಿ ಇಳಿಬಿಟ್ಟ ಆ ಕೋಣೆಯ ಉಸಿರುಗಟ್ಟುವ ಮೌನ, ಅವರು ಎಂಜಲು ನುಂಗುವ ಸದ್ದು, ಪುಟ ಮಗುಚುವ ಸದ್ದು. “ಗೌರಮ್ಮ.” ಬಿಡುವು. “ಗೌರಮ್ಮಾ?” ಇನ್ನಷ್ಟು ಉದ್ದದ ಬಿಡುವು, ಅಡುಗೆಮನೆಯಿಂದ ಬಾಗಿಲಿಗೆ ಬರುವಷ್ಟು. “ಗೌರಮ್ಮೋ!” ಒಂದರ ಹಾಗೆ ಒಂದಿಲ್ಲ. ಹನ್ನೊಂದು ಹೆಸರು, ಮೂವತ್ತಮೂರು ಕೂಗು. ಹುಡುಗಿ ಬಿಡುವುಗಳನ್ನೂ ಅಳೆದು, ಇದ್ದಷ್ಟೇ ಇಟ್ಟಳು. “ಎಡಿಟ್ ಮಾಡ್ಬೇಡ, ಕೆಮ್ಮಿದ್ರೆ ಕೆಮ್ಮೂ ಇರ್ಲಿ” ಎಂದೆ.

ರಿವ್ಯೂಗೆ ನಾಲ್ಕು ದಿನ ಇತ್ತು. ಮತ್ತೆ ಹೊಸನಗರದ ಬಸ್ಸು, ಮತ್ತೆ ಜಗುಲಿ. ಕಿತ್ತ ವೈರು ಸಿಕ್ಕಿಸಲು ಅಜ್ಜಿಯನ್ನು ಒಪ್ಪಿಸುವುದೇ ಸಾಕಾಯಿತು. “ಇದೊಂದು ಸಲ” ಎಂದಳು. “ಈ ಸಲ ಗುಡ್ಡ ಕೂಗಿದ್ರೆ ಪೆಟ್ಟಿಗೆ ಬಾವಿಗೆ.”

ಹೊತ್ತು ಮುಳುಗಿತು. ಮೊದಲ ಕೂಗು ಬಂತು. ಅಜ್ಜಿ ಕದಲಲಿಲ್ಲ. ಎರಡನೆಯದು ಬಂತು. ಅಜ್ಜಿಯ ತಲೆ ನಿಧಾನವಾಗಿ ಒಳಗಿನ ಕಡೆ ತಿರುಗಿತು. ಆಮೇಲಿನ ಆ ಬಿಡುವು ಎಷ್ಟು ಉದ್ದವಿತ್ತೆಂದರೆ, ಮೂರನೆಯದು ಬರುವುದೇ ಇಲ್ಲವೇನೋ ಎಂದು ಇಕ್ಕೇರಿಯ ಅಘೋರೇಶ್ವರನಿಗೆ ಮನಸ್ಸಿನಲ್ಲೇ ತೆಂಗಿನಕಾಯಿ ಹೇಳಿಕೊಂಡೆ. ಬಂತು, ಸ್ವಲ್ಪ ಸಿಟ್ಟಿನಿಂದ.

“ಓ! ಬಂದೆ ಬಂದೆ, ಎಂತ ಅವಸರ ನಿಂದು?” ಎಂದು ಅಜ್ಜಿ ಕೂಗಿ ಎದ್ದಳು. ಒಳಗೆ ಟೀಚರ್ ಧ್ವನಿ ಮಾತ್ರೆಯ ಹೆಸರು ಹೇಳಿತು. “ತಗೊಂಡೆ ಮಾರಾಯ್ತಿ” ಎಂದು ಅಜ್ಜಿ ಅದಕ್ಕೆ ಹೇಳಿದಳು. ಹೊರಗೆ ಬಂದು ಕೂತವಳು ನನಗೆ ಹೇಳಿದ್ದು ಇಷ್ಟೇ: “ಅದು ಮನುಷ್ಯರದ್ದೇ.”

ಪುಸ್ತಕ ತೆಗೆದು ಗೌರಮ್ಮನ ಹೆಸರಿನ ಮುಂದೆ ‘ಓಗೊಟ್ಟರು’ ಎಂದು ಬರೆದೆ.

ಆ ಸಂಜೆ ಆರು ಮನೆ ಓಗೊಟ್ಟವು. ಮರುದಿನ ಒಂಬತ್ತು. ತುಳಸಿ ಇಟ್ಟಿದ್ದ ಅಜ್ಜ ಕೊನೆಯವರೆಗೂ ‘ಓ’ ಎನ್ನಲಿಲ್ಲ, ಟವೆಲ್ ಮಾತ್ರ ತೆಗೆದರಂತೆ. ರಿವ್ಯೂನಲ್ಲಿ ಸರ್, “ಇದನ್ನು ಯಾವ ಪುಸ್ತಕದಿಂದ ತೆಗೆದ್ರಿ?” ಎಂದು ಕೇಳಿದರಂತೆ. ಹುಡುಗಿ, “ಒಬ್ಬ ಅಜ್ಜಿಯಿಂದ ಸರ್” ಎಂದಳಂತೆ. ಟೀಚರ್ ಧ್ವನಿ ಮುಂದಿನ ರಿವ್ಯೂವರೆಗೆ ಇರಲಿ ಎಂದಾಯಿತು. ಶಾಶ್ವತಕ್ಕೆ ಎಂದು ಯಾರೂ ಹೇಳಲಿಲ್ಲ. ಅಳಿಸಲಿಲ್ಲವಲ್ಲ, ಅಷ್ಟು ಸಾಕು. ಇಕ್ಕೇರಿಗೆ ಹೋಗಿ ಕಾಯಿ ಒಡೆಸಿಕೊಂಡು ಬಂದೆ.

ಒಂದು ಮಾತು ಉಳಿದಿದೆ. ಕಾರ್ಡಿನ ಕೊನೆಯ ದಿನದ ರೆಕಾರ್ಡಿಂಗ್ ಕೇಳುವಾಗ, ಓದಿನ ನಡುವೆ ಇದ್ದಕ್ಕಿದ್ದಂತೆ ನನ್ನ ಹೆಸರು ಬಂತು. “ಶಾರದಾ.” ಆ ದಿನ ಸಂಜೆ ನಾನು ಅವರ ಅಡುಗೆಮನೆಯಲ್ಲಿ ಗಂಜಿ ಬಿಸಿ ಮಾಡುತ್ತಿದ್ದೆ, ರೆಕಾರ್ಡರು ಆರಿಸಲು ಮರೆತಿದ್ದೆ. ಉತ್ತರವಿಲ್ಲ. “ಶಾರದಾ?” ಉತ್ತರವಿಲ್ಲ. ಆಮೇಲೆ ಸಣ್ಣ ನಗು. “ಗೊತ್ತು ಮಾರಾಯ್ತಿ. ಮೂರನೇದಕ್ಕೆ ಕಾಯ್ತಿದೀಯ.” ಮತ್ತೆ ಜೋರಾಗಿ, “ಶಾರದಾ!” ದೂರದಿಂದ ನನ್ನದೇ ಧ್ವನಿ: “ಓ ಟೀಚರ್, ಬಂದೆ.”

ಅವರು ಕರೆದದ್ದು ನನಗೆ ನೆನಪಿಲ್ಲ. ಓಗೊಟ್ಟದ್ದೂ ನೆನಪಿಲ್ಲ. ಆ ಮೂರು ಕೂಗನ್ನು ಹುಡುಗಿ ನನ್ನ ಪೆಟ್ಟಿಗೆಗೆ ಹಾಕಿಕೊಟ್ಟಳು, ನಡುವಿನ ನಗುವನ್ನೂ ಮಾತನ್ನೂ ಬಿಟ್ಟು.

ಅಷ್ಟರಲ್ಲಿ ಭರಣಿಯ ಮಿಡಿ ಚೆನ್ನಾಗಿ ಸುಕ್ಕುಗಟ್ಟಿತ್ತು. ಒಂದೂ ಕೊಳೆತಿರಲಿಲ್ಲ. ಉಪ್ಪುನೀರು ಸೋಸಿ ಕುದಿಸಿ ಆರಲು ಇಟ್ಟು, ಖಾರಕ್ಕೆ ಸಾಸಿವೆ ಹುರಿಯಲು ನಿಂತೆ. ಹೊರಗೆ ಬೆಳಕು ಕಂದುತ್ತಿತ್ತು. ಕೋಣೆಯಿಂದ ಮೊದಲ ಕೂಗು ಬಂತು. ಒಲೆ ಸಣ್ಣ ಮಾಡಿದೆ. ಎರಡನೆಯದು ಬಂತು. ಇವರು ಪೇಪರಿನಿಂದ ತಲೆ ಎತ್ತಿ ನನ್ನನ್ನೇ ನೋಡಿದರು. ಕಾದೆ. ಮೂರನೆಯದು ಬಂತು.

“ಓ ಟೀಚರ್” ಎಂದೆ.

ಸಾಸಿವೆ ಚಟಪಟ ಎನ್ನತೊಡಗಿತ್ತು. ಸೀದರೆ ಇಡೀ ಭರಣಿಯೇ ಕಹಿ. ಬಾಣಲೆ ಇಳಿಸಿ, ಒರಳು ತೊಳೆದುಕೊಂಡೆ.